2100ರ ಹತ್ರ ಒಂದು ಪೀಕ್

ಐಆರ್ (ಅಣು ಇನ್‌ಫ್ರಾರೆಡ್ ಬೆಳಕನ್ನ ಎಲ್ಲೆಲ್ಲಿ ಹೀರತ್ತೆ ಅನ್ನೋ ಗ್ರಾಫ್) ತೆಗ್ದೆ, 2100 cm⁻¹ ಹತ್ರ ಚೂಪಾಗಿ ಪೀಕ್ ಬಂತು, ಅಂದ್ರೆ ನನ್ನ ಅಣುವಲ್ಲಿ ಅಜೈಡ್ ಅನ್ನೋ ಮೂರು ನೈಟ್ರೋಜನ್‌ನ ಗುಂಪು ಕೂತಿದೆ! ಆ ಜಾಗದಲ್ಲಿ ಬೇರೆ ಗುಂಪುಗಳು ಬರೋದು ಕಮ್ಮಿ, ಅದಕ್ಕೇ ಕಂಡ ತಕ್ಷಣ ಖುಷಿ.

ಈ ಗುಂಪು ನಂಗೆ ಯಾಕಿಷ್ಟು ಇಷ್ಟ ಅಂದ್ರೆ, ಮೂರು ನೈಟ್ರೋಜನ್ ಹೆಚ್ಚುಕಮ್ಮಿ ನೇರ ಸಾಲಲ್ಲಿ ನಿಂತಿರ್ತವೆ, ನಡುವಿನದಕ್ಕೆ ಪ್ಲಸ್ ಚಾರ್ಜ್, ಮೈನಸ್ ಮಾತ್ರ ಒಂದ್ ಕಡೆ ನಿಲ್ಲಲ್ಲ, ರೆಸೊನೆನ್ಸಲ್ಲಿ ಆ ಕಡೆ ಈ ಕಡೆ ಹಂಚಿಹೋಗತ್ತೆ, ಒಟ್ಟು ಲೆಕ್ಕ ಹಾಕಿದ್ರೆ ಚಾರ್ಜ್ ಸೊನ್ನೆ. ಬಿಸಿನೋ ಯುವಿ ಬೆಳಕೋ ತಾಗಿದ್ರೆ ಎರಡು ನೈಟ್ರೋಜನ್ ಗ್ಯಾಸ್ ಆಗಿ ಹಾರಿಹೋಗ್ತವೆ, ಉಳಿದ ನೈಟ್ರೀನ್ (ಒಂದೇ ನೈಟ್ರೋಜನ್ ಉಳಿದಿರೋ ಚುರುಕಾದ ತುಣುಕು) ಸಿಕ್ಕಿದ್ದರ ಜೊತೆ ರಿಯಾಕ್ಟ್ ಆಗತ್ತೆ. ಕಾರ್ಬನ್ ಕಮ್ಮಿ ಇರೋ ಚಿಕ್ಕ ಅಜೈಡ್ ಆದ್ರಂತೂ ಸಿಡಿದೇ ಹೋಗಬಹುದು. ಸೋಡಿಯಂ ಅಜೈಡ್ ಇರೋ ಕಡೆ ಡೈಕ್ಲೋರೋಮೀಥೇನ್ ಅನ್ನೋ ದ್ರಾವಕ ತರಲೇಬೇಡಿ, ಪ್ಲೀಸ್, ಡೈಅಜಿಡೋಮೀಥೇನ್ ಆಗತ್ತೆ, ಅದು ಸ್ಫೋಟಕ.

ಇಷ್ಟು ಸಿಡುಕಿನ ಗುಂಪು ಜೀವಕೋಶದೊಳಗೆ ಹೋದ್ರೆ ಎಷ್ಟು ಸುಮ್ನೆ ಇರತ್ತೆ ನೋಡಿ! ನೀರು, ಪ್ರೋಟೀನು ಯಾವುದರ ತಂಟೆಗೂ ಸಾಮಾನ್ಯವಾಗಿ ಹೋಗಲ್ಲ, ಎಳೆದು ಬಗ್ಗಿಸಿದಂಥ ಸೈಕ್ಲೋಆಕ್ಟೈನ್ (ತ್ರಿಬಂಧ ಇರೋ ಎಂಟು ಕಾರ್ಬನ್‌ನ ಉಂಗುರ) ಸಿಕ್ಕಿದ್ರೆ ಮಾತ್ರ ಕೂಡಿಕೊಂಡು ಟ್ರೈಅಜೋಲ್ ಅನ್ನೋ ಹೊಸ ಉಂಗುರ ಆಗತ್ತೆ, ಕ್ಯಾಟಲಿಸ್ಟ್ ಆಗಿ ತಾಮ್ರನೂ ಬೇಡ. ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೋಜಿ ಹೀಗೇ ಜೀವಂತ ಕೋಶದ ಮೇಲಿನ ಸಕ್ಕರೆಗಳಿಗೆ ಗುರುತು ಹಚ್ಚಿದ್ದು, 2022ರಲ್ಲಿ ಮೆಲ್ಡಾಲ್, ಶಾರ್ಪ್‌ಲೆಸ್ ಜೊತೆ ನೊಬೆಲ್ ಬಂತು. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಎಚ್‌ಐವಿ ಔಷಧಿ ಜಿಡೋವುಡಿನ್‌ನಲ್ಲೂ ಇದೇ ಗುಂಪು, ಡಿಎನ್‌ಎ ಸರಪಳಿ ಮುಂದುವರಿಯೋಕೆ ಬೇಕಾದ ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪಿನ ಜಾಗದಲ್ಲಿ ಅಜೈಡ್ ಕೂತಿರತ್ತೆ, ವೈರಸ್ ಅದನ್ನ ಸೇರಿಸ್ಕೊಂಡ್ರೆ ಸರಪಳಿ ಅಲ್ಲಿಗೇ ನಿಂತುಹೋಗತ್ತೆ. ಅಪಾಯಕಾರಿ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೆ ಮನಸ್ಸೇ ಬರಲ್ಲ ನಂಗೆ.