ಕೈಕೊಡುವುದು ಗೊತ್ತಿರುವ ಪದವೇ

ಕಾಸರಗೋಡಿನಲ್ಲಿ ಕನ್ನಡ ಬರೆಯುವವರು ಗೊತ್ತಿಲ್ಲದ ಮಲಯಾಳ ಪದಕ್ಕೆ ಹೆದರಬೇಕಿಲ್ಲ. ಅರ್ಥವಾಗದಿದ್ದರೆ ಯಾರನ್ನಾದರೂ ಕೇಳುತ್ತೇವೆ. ಮೋಸ ಮಾಡುವುದು ಎರಡೂ ಭಾಷೆಗಳಲ್ಲಿರುವ ಪದಗಳು, ಹೆಚ್ಚಾಗಿ ಸಂಸ್ಕೃತದವು. ನೋಡಲು ನಮ್ಮವೇ ಆದ್ದರಿಂದ ಅಲ್ಲಿ ಯಾರೂ ತಡೆದು ನಿಲ್ಲುವುದಿಲ್ಲ.

‘ವ್ಯವಸಾಯ’ ನಮಗೆ ಬೇಸಾಯ, ಮಲಯಾಳದಲ್ಲಿ ಕೈಗಾರಿಕೆ. ‘ಜಿಲ್ಲಾ ವ್ಯವಸಾಯ ಕೇಂದ್ರಂ’ ಎಂಬುದರ ಕೊನೆಯ ಸೊನ್ನೆಯನ್ನಷ್ಟೇ ಕಳಚಿ ಕನ್ನಡ ಪ್ರಕಟಣೆಗೆ ಇಳಿಸಿದರೆ, ಕೃಷಿಭವನಕ್ಕೆ ಹೋಗಬೇಕಾದ ಅಡಿಕೆ ಬೆಳೆಗಾರರು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಅದು ಜಿಲ್ಲಾ ಕೈಗಾರಿಕಾ ಕೇಂದ್ರ.

ಇದಕ್ಕಿಂತ ದೊಡ್ಡ ನಷ್ಟ ‘ಅವಕಾಶ’ದಲ್ಲಿದೆ. ಮಲಯಾಳದ ‘ಅವಕಾಶಂ’ ಎಂದರೆ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆ ಆ ಭಾಷೆಯಲ್ಲಿ ‘ವಿವರಾವಕಾಶ ನಿಯಮಂ’. ಅರ್ಜಿಯಲ್ಲಿ ‘ಮಾಹಿತಿ ಪಡೆಯುವ ಅವಕಾಶವಿದೆ’ ಎಂದು ಬರೆದರೆ, ಅಧಿಕಾರಿ ಮನಸ್ಸು ಮಾಡಿದರೆ ಕೊಡಬಹುದು ಎಂಬ ಧ್ವನಿ ಬಂದುಬಿಡುತ್ತದೆ. ಅವಕಾಶವನ್ನು ಇನ್ನೊಬ್ಬರು ಮಾಡಿಕೊಡಬೇಕು. ಹಕ್ಕು ಮೊದಲೇ ನಮ್ಮದು. ಒಂದೇ ಪದದಲ್ಲಿ ಕೇಳುವವನ ನಿಲುವು ಕುಗ್ಗುತ್ತದೆ.

‘ಶ್ರಮ’ ನನಗೆ ತುಂಬ ನೋವು ಕೊಡುವ ಪದ. ಮಲಯಾಳದ ‘ಶ್ರಮಿಚ್ಚು’ ಎಂದರೆ ಪ್ರಯತ್ನಿಸಿದ ಎಂದಷ್ಟೇ. ಅದನ್ನು ‘ಕೊಲ್ಲಲು ಶ್ರಮಿಸಿದ’ ಎಂದು ಕನ್ನಡಿಸಿದಾಗ ಕೊಲೆಗಾರನಿಗೆ ಬೆವರು ಸುರಿಸಿ ದುಡಿಯುವವನ ಗೌರವ ಸಲ್ಲುತ್ತದೆ. ‘ಯತ್ನಿಸಿದ’ ಸಾಕು. ‘ಸಚಿವರ ರಾಜಿ’ ಎಂದರೆ ನಮಗೆ ಒಪ್ಪಂದ, ಅವರಿಗೆ ರಾಜೀನಾಮೆ. ‘ಸ್ವಾಧೀನ’ ಅಲ್ಲಿ ಪ್ರಭಾವ, ಇಲ್ಲಿ ವಶ. ‘ಅನುವಾದ’ ಅಲ್ಲಿ ಅನುಮತಿ.

ಸಂಶಯ ಬಂದಾಗ ಆ ನಾಮಪದವನ್ನು ತೆಗೆದು, ಯಾರು ಏನು ಮಾಡಿದರು ಎಂದು ಆಡುಮಾತಿನ ಕ್ರಿಯಾಪದದಲ್ಲಿ ಹೇಳಿ ನೋಡಿ. ಹುದ್ದೆ ಬಿಟ್ಟರೋ, ಜಗಳ ಮುಗಿಸಿ ಒಪ್ಪಿಕೊಂಡರೋ? ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಬರಹವನ್ನು ಮಲಯಾಳ ತಿಳಿಯದವರಿಂದ, ಧಾರವಾಡದವರೋ ಹಾಸನದವರೋ ಆದರೆ ಒಳ್ಳೆಯದು, ಒಮ್ಮೆ ಓದಿಸಬೇಕು. ಎರಡೂ ಭಾಷೆ ಬಲ್ಲ ನಾವು ಓದುವಾಗ ತಪ್ಪಿದ ಅರ್ಥವನ್ನು ಮನಸ್ಸೇ ತುಂಬಿಕೊಡುತ್ತದೆ. ಅದಕ್ಕೇ ಎಷ್ಟು ಸಲ ತಿದ್ದಿದರೂ ಈ ತಪ್ಪು ಉಳಿದುಕೊಳ್ಳುತ್ತದೆ.

ಹಾಗೆಂದು ಎಲ್ಲವನ್ನೂ ಬೆಂಗಳೂರಿನ ಕನ್ನಡಕ್ಕೆ ತಿರುಗಿಸಲು ಹೊರಟರೂ ಕೆಲಸ ಕೆಡುತ್ತದೆ. ವಿಲ್ಲೇಜ್ ಆಫೀಸಿನಲ್ಲಿ ಒಬ್ಬರ ಹೆಸರಿನಲ್ಲಿರುವ ಜಮೀನಿನ ಲೆಕ್ಕ ಇರುವುದು ‘ತಂಡಪ್ಪೇರ್’ ನಂಬ್ರದಲ್ಲಿ. ಅದನ್ನು ‘ಖಾತೆ ಸಂಖ್ಯೆ’ ಎಂದರೆ ಬ್ಯಾಂಕಿನದೋ ಎಂಬ ಸಂಶಯ ಬರುತ್ತದೆ. ‘ಪೋಕ್ಕುವರವು’ ಕೂಡ ಅಷ್ಟೇ. ಪದ ಬಿಡಿಸಿದರೆ ಹೋಗುವುದು-ಬರುವುದು, ಕಚೇರಿಯಲ್ಲಿ ಅದು ಕಂದಾಯ ದಾಖಲೆಯಲ್ಲಿ ಭೂಮಿ ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾಗುವುದು. ಅಂಥ ಪದವನ್ನು ಹಾಗೆಯೇ ಇಟ್ಟು, ಮೊದಲ ಸಲ ಬರುವಲ್ಲಿ ಮಾತ್ರ ‘ಪೋಕ್ಕುವರವು, ಅಂದರೆ ಹೆಸರು ಬದಲಾವಣೆ’ ಎಂದು ಬರೆಯಿರಿ. ಓದುವವರಿಗೂ ತಿಳಿಯುತ್ತದೆ, ಗುಮಾಸ್ತರಿಗೂ ಕಡತ ಸಿಗುತ್ತದೆ.