ಹಳೇ ಡ್ರೈವರ್‌ಗೆ ಇನ್ನೂ ಯಾಕೆ ಜಾಗ ಕೊಡ್ತೀರಿ ಸರ್?

ಮೈಸೂರಿನಲ್ಲಿ ಸರ್ವರ್ ಕೆಲಸ ಕಲಿಯಲು ನನ್ನ ಜೊತೆ ಸೇರುವ ಹುಡುಗ ಹುಡುಗಿಯರು ಎರಡನೇ ವಾರಕ್ಕೇ ಈ ಪ್ರಶ್ನೆ ಎತ್ತುತ್ತಾರೆ. ವರ್ಚುವಲ್ ಮಷಿನ್ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಹದಿನೈದು ವರ್ಷದ ಹಿಂದಿನ ನೆಟ್‌ವರ್ಕ್ ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡ್ ನಡೆಸುವ ಪ್ರೋಗ್ರಾಂ, ಕೂತಿರುತ್ತದೆ. ಶುರುವಾಗುವಾಗ ಅದು ಇವತ್ತಿನ ನಿಯಮ ಪಾಲಿಸುವುದಿಲ್ಲ. ಅದಕ್ಕಾಗಿ ಹೋಸ್ಟ್ ಕಡೆ, ಅಂದರೆ ಆ ಮಷಿನ್ ಓಡಿಸುವ ಸರ್ವರ್ ಕಡೆ, ಇಷ್ಟೊಂದು ಕಸರತ್ತು ಯಾಕೆ? ಒಳಗಿನ ಓಎಸ್ ಅಪ್‌ಡೇಟ್ ಮಾಡಿಕೊಳ್ಳಿ ಅಂದರೆ ಮುಗೀತಲ್ವಾ?

ಮುಗಿಯುವುದಿಲ್ಲ. ಮಂಡ್ಯ ಕಡೆಯ ಒಂದು ಕಾರ್ಖಾನೆಯ ವೇಬ್ರಿಡ್ಜ್‌ನಲ್ಲಿ ನಾನೇ ಇದನ್ನು ಕಲಿತೆ.

ಕಬ್ಬು ಅರೆಯುವ ಸೀಸನ್. ಲಾರಿ, ಟ್ರ್ಯಾಕ್ಟರ್, ನಡುವೆ ಒಂದೆರಡು ಎತ್ತಿನ ಗಾಡಿ. ತೂಕ ಬರೆದುಕೊಂಡು ಚೀಟಿ ಕೊಡುವ ಸಾಫ್ಟ್‌ವೇರ್ ಓಡುತ್ತಿದ್ದದ್ದು ಸೆಂಟ್‌ಒಎಸ್ 6 ಅನ್ನುವ ಲಿನಕ್ಸ್ ಓಎಸ್ ಮೇಲೆ. ಆ ಓಎಸ್ ಬಂದದ್ದು 2011ರಲ್ಲಿ, ಅದರ ಕರ್ನೆಲ್ (ಓಎಸ್‌ನ ತಿರುಳು) 2.6.32. ಸಾಫ್ಟ್‌ವೇರ್ ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ, ಸೋರ್ಸ್ ಕೋಡ್ ಕೂಡ ಯಾರ ಹತ್ತಿರವೂ ಇಲ್ಲ. ಹಳೇ ಸರ್ವರ್ ಕೈಕೊಡುವ ಹಾಗಿತ್ತು. ಹಾಗಾಗಿ ಆ ಓಎಸ್ ಇದ್ದ ವರ್ಚುವಲ್ ಮಷಿನ್ ಅನ್ನು ನಾನು ಹೊಸ ಸರ್ವರ್‌ಗೆ ಸಾಗಿಸಿದೆ. ಡಿಸ್ಕನ್ನು ಹಳೇ ಓಎಸ್‌ಗೂ ಗೊತ್ತಿರುವ ಸಾಟಾ ರೂಪದಲ್ಲಿ ಕೊಟ್ಟಿದ್ದರಿಂದ ಬೂಟ್ ಆಯಿತು. ಲಾಗಿನ್ ಪರದೆ ಬಂತು. ಸಂತೋಷವಾಗಿ ಮೈಸೂರಿಗೆ ಬಂದುಬಿಟ್ಟೆ.

ರಾತ್ರಿ ಫೋನ್. "ಸಾ, ಮಿಷಿನ್ನೇನೋ ಎದ್ದೈತೆ, ನೆಟ್ಟೇ ಇಲ್ಲ. ಗಾಡಿಗಳು ಗೇಟಿಂದಾಚೆಗೂ ನಿಂತವೆ."

ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಆ ನಷ್ಟ ಗಾಡಿಯ ಮೇಲೆ ಕೂತ ರೈತನದ್ದು. ಅವನಿಗೆ "ಓಎಸ್ ಅಪ್‌ಡೇಟ್ ಮಾಡಿ" ಅಂತ ಯಾರು ಹೇಳೋದು?

ತಪ್ಪು ನನ್ನದೇ. ವರ್ಟ್‌ಐಒ ಅಂದರೆ ವರ್ಚುವಲ್ ಮಷಿನ್‌ಗೆಂದೇ ರೂಪಿಸಿದ ಕಾರ್ಡ್‌ಗಳ ಪದ್ಧತಿ. ವರ್ಟ್‌ಐಒ ನೆಟ್‌ವರ್ಕ್ ಕಾರ್ಡ್ ಹಳೇ ರೂಪದಲ್ಲಿ ತನ್ನ ಗುರುತಿನ ಸಂಖ್ಯೆ 1000 ಅಂತ ಹೇಳಿಕೊಳ್ಳುತ್ತದೆ, ಹೊಸ ರೂಪದಲ್ಲಿ 1041. ಎರಡೂ ಹೆಕ್ಸ್, ಅಂದರೆ ಹದಿನಾರರ ಲೆಕ್ಕ. ನಾನು ಹೊಸ ಸರ್ವರ್‌ನಲ್ಲಿ ವರ್ಚುವಲ್ ಮಷಿನ್‌ಗೆ ಕ್ಯೂ35 ಅನ್ನುವ ಮದರ್‌ಬೋರ್ಡ್ ಮಾದರಿ ಆರಿಸಿದ್ದೆ. ಅಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪೋರ್ಟ್‌ಗೆ ಸಿಕ್ಕಿಸಿದ ಕಾರ್ಡ್ ಹೊಸ ರೂಪದಲ್ಲಿ ಮಾತ್ರ ಕಾಣಿಸುತ್ತದೆ. ಹಳೇ ಡ್ರೈವರ್ 1041 ಅನ್ನು ನೋಡಿತು, ಇದ್ಯಾರೋ ಗೊತ್ತಿಲ್ಲ ಅಂತ ಸುಮ್ಮನಾಯಿತು. ವರ್ಚುವಲ್ ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಕಾರ್ಡಿನ ಮಾದರಿಯನ್ನು ವರ್ಟ್‌ಐಒ ಟ್ರಾನ್ಸಿಷನಲ್ ಅಂತ ಬದಲಾಯಿಸಿದರೆ ಆಯಿತು. ಅದು ಹಳಬರಿಗೂ ಹೊಸಬರಿಗೂ ಮುಖ ತೋರಿಸುವ ಕಾರ್ಡ್. ಐದು ನಿಮಿಷದ ಕೆಲಸ. ಆದರೆ ಅದು ಹೊಳೆಯುವಷ್ಟರಲ್ಲಿ ಬೆಳಗಾಗಿತ್ತು.

ಇದು ಸುಲಭದ ಕೇಸು. ಕಾರ್ಡ್ ಕಾಣಲಿಲ್ಲ, ಕಾಣುವ ಹಾಗೆ ಮಾಡಿದೆ. ನಿಜವಾದ ತಲೆನೋವು ಕಾರ್ಡ್ ಕಂಡ ಮೇಲೆ ಶುರುವಾಗುತ್ತದೆ.

ಹೊಸ ನಿಯಮದ ಪ್ರಕಾರ ಡ್ರೈವರ್ ಮೊದಲು ಕಾರ್ಡನ್ನು ರೀಸೆಟ್ ಮಾಡಬೇಕು. ನಿನ್ನನ್ನು ನೋಡಿದೆ ಅನ್ನಬೇಕು, ನಿನ್ನನ್ನು ನಡೆಸಲು ನನಗೆ ಬರುತ್ತದೆ ಅನ್ನಬೇಕು. ಆಮೇಲೆ ಯಾವ ಯಾವ ಫೀಚರ್ (ಕಾರ್ಡಿನ ಸೌಲಭ್ಯ) ಬೇಕು ಅಂತ ಬರೆಯಬೇಕು. 'ಫೀಚರ್ಸ್ ಓಕೆ' ಅನ್ನುವ ಬಿಟ್ (0 ಅಥವಾ 1ರ ಗುರುತು) ಹಾಕಬೇಕು, ಅದು ಹಾಗೇ ಉಳಿದಿದೆಯಾ ಅಂತ ತಿರುಗಿ ಓದಬೇಕು. ಪ್ಯಾಕೆಟ್ ಸಾಗುವ ಕ್ಯೂಗಳನ್ನು (ಸಾಲುಗಳನ್ನು) ಸಿದ್ಧ ಮಾಡಿ, ಕೊನೆಗೆ 'ಡ್ರೈವರ್ ಓಕೆ' ಹೇಳಬೇಕು. ನಮ್ಮ ಕಡೆ ನೆಂಟರು ಬಂದರೆ ಕೈಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಆಮೇಲೆ ಮಾತು ಅಂತ ಒಂದು ಕ್ರಮ ಇದೆಯಲ್ಲ, ಹಾಗೆ.

ಹಳೇ ಡ್ರೈವರ್‌ಗಳು ಹಿತ್ತಲ ಬಾಗಿಲಿಂದ ನೇರ ಅಡುಗೆಮನೆಗೇ ಬರುತ್ತವೆ. 'ಫೀಚರ್ಸ್ ಓಕೆ' ಅನ್ನುವ ಹಂತವೇ ಅವುಗಳಿಗೆ ಗೊತ್ತಿಲ್ಲ. 'ಡ್ರೈವರ್ ಓಕೆ' ಹೇಳುವ ಮುಂಚೆಯೇ ಕ್ಯೂಗೆ ಬಫರ್ (ಪ್ಯಾಕೆಟ್ ಇಡುವ ಮೆಮೊರಿ ಜಾಗ) ತುಂಬಿಸುತ್ತವೆ. ಕೆಲವಂತೂ ಫೀಚರ್ ಬರೆಯುವ ಮೊದಲೇ ಕಾರ್ಡ್ ಬಳಸಲು ಶುರುಮಾಡುತ್ತವೆ.

ಇಲ್ಲಿ ಹುಡುಗರು "ನೋಡಿ ಸರ್, ರೂಲ್ಸೇ ಫಾಲೋ ಮಾಡಲ್ಲ" ಅನ್ನುತ್ತಾರೆ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಲಿನಕ್ಸ್ ಪ್ರೋಗ್ರಾಮರ್ ರಸ್ಟಿ ರಸೆಲ್ ಶುರುಮಾಡಿದ ವರ್ಟ್‌ಐಒ ಲಿನಕ್ಸ್‌ಗೆ ಸೇರಿದ್ದು 2.6.24ರಲ್ಲಿ, 2008ರ ಜನವರಿಯಲ್ಲಿ. ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಒಯಸಿಸ್ ಸಂಸ್ಥೆ ವರ್ಟ್‌ಐಒ 1.0 ಹೊರತಂದದ್ದು ಅದಾಗಿ ವರ್ಷಗಳ ಮೇಲೆ. ಮೊದಲು ಕೋಡ್ ಬಂತು, ನಿಯಮ ಆಮೇಲೆ ಬಂತು. ಇಲ್ಲದ ನಿಯಮವನ್ನು ಅವು ಮುರಿದದ್ದು ಹೇಗೆ? ಸ್ಟ್ಯಾಂಡರ್ಡ್ ಬರೆದವರಿಗೂ ಇದು ಗೊತ್ತಿತ್ತು. ಟ್ರಾನ್ಸಿಷನಲ್ ಕಾರ್ಡ್ ಆದರೆ 'ಡ್ರೈವರ್ ಓಕೆ'ಗೆ ಮುಂಚಿನ ಬಳಕೆಯನ್ನೂ ಸಹಿಸಿಕೊಳ್ಳಲೇಬೇಕು ಅಂತ ಅದರಲ್ಲೇ ಬರೆದಿದ್ದಾರೆ.

ಸಹಿಸಿಕೊಳ್ಳೋಣ. ಆದರೆ ಬಂದವರು ಹಳಬರು ಅಂತ ಗೊತ್ತಾಗುವುದು ಹೇಗೆ? ಹೊಸ ಡ್ರೈವರ್ 32ನೇ ಫೀಚರ್ ಬಿಟ್ ಹಾಕಿ "ನಾನು ವರ್ಷನ್ 1" ಅನ್ನುತ್ತದೆ. ಹಳೇದು ಏನೂ ಅನ್ನುವುದಿಲ್ಲ, ಅದಕ್ಕೆ ಕಾಣುವುದೇ ಮೊದಲ 32 ಬಿಟ್, ಅಂದರೆ 0ಯಿಂದ 31. ವರ್ಚುವಲ್ ಮಷಿನ್ ಓಡಿಸುವ ಪ್ರೋಗ್ರಾಂ ಆದ ಕ್ಯೂ-ಎಮುವಿನ ಪಿಸಿಐ ಕಾರ್ಡ್‌ನಲ್ಲಾದರೆ ಹಳಬರು ಬರುವ ಬಾಗಿಲೇ ಬೇರೆ, ಅವರು ಐಒ ಪೋರ್ಟ್ ಮುಟ್ಟುತ್ತಾರೆ. ವಿಡಿಪಿಎ ತರಹದ ಕಡೆ ಆ ಬಾಗಿಲು ಕಾಣುವುದಿಲ್ಲ. ಅಲ್ಲಿ ಪ್ಯಾಕೆಟ್ ಕೆಲಸವನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ನಡುವಿನ ಕರ್ನೆಲ್ ಕೋಡ್‌ಗೆ "ಕಾನ್ಫಿಗ್ (ಕಾರ್ಡಿನ ವಿವರ) ಓದು" ಅನ್ನುವ ಥರದ ಕೋರಿಕೆಗಳಷ್ಟೇ ಮುಟ್ಟುತ್ತವೆ. ಅದಕ್ಕೇ ಲಿನಕ್ಸ್‌ನ ವಿಡಿಪಿಎ ಕೋಡ್ ಒಂದು ಊಹೆ ಮಾಡುತ್ತದೆ. ಫೀಚರ್ ಏನೂ ಹೇಳದೆ ಯಾರಾದರೂ ಕಾನ್ಫಿಗ್ ಓದಲು ಬಂದರೆ, ಇವರು ಹಳೇ ಕಾಲದವರು ಅಂತ ಅಂದುಕೊಂಡು ಫೀಚರ್‌ಗಳನ್ನು ಸೊನ್ನೆ ಅಂತ ಇಟ್ಟು, ಆಮೇಲೆ ಉತ್ತರ ಕೊಡುತ್ತದೆ.

ನನಗೆ ಇದು ಇಷ್ಟ. ಆದರೆ ಇದು ಊಹೆ, ತೀರ್ಪಲ್ಲ. ಯಾಕೆಂದರೆ ಹೊಸ ಡ್ರೈವರ್ ಕೂಡ ಫೀಚರ್ ಒಪ್ಪಿಕೊಳ್ಳುವ ಮುಂಚೆ ಕಾನ್ಫಿಗ್ ಓದಬಹುದು, ಬರೆಯಬಾರದು ಅಷ್ಟೇ. ಲಿನಕ್ಸ್‌ನ ವರ್ಟ್‌ಐಒ ನೆಟ್ ಡ್ರೈವರ್ ಹಾಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಓದುತ್ತದೆ. ಹಳೇ ಲೆಕ್ಕದಲ್ಲಿ ಕಾನ್ಫಿಗ್‌ನ ಬೈಟ್ ಕ್ರಮ ಗೆಸ್ಟ್‌ನ (ಒಳಗಿನ ವರ್ಚುವಲ್ ಮಷಿನ್‌ನ) ಸಿಪಿಯುವಿನದ್ದು, ಹೊಸ ಲೆಕ್ಕದಲ್ಲಿ ಯಾವಾಗಲೂ ಲಿಟಲ್ ಎಂಡಿಯನ್, ಅಂದರೆ ಸಂಖ್ಯೆಯ ಚಿಕ್ಕ ಬೆಲೆಯ ಬೈಟ್ ಮೊದಲು. ನಮ್ಮ ಇಂಟೆಲ್, ಎಎಂಡಿ ಮಷಿನ್‌ಗಳಲ್ಲಿ ಎರಡೂ ಒಂದೇ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಐಬಿಎಂ ಮೇನ್‌ಫ್ರೇಮ್‌ನಂಥ ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು) ಕಡೆ ಊಹೆ ತಪ್ಪಿದರೆ 1500 ಅನ್ನುವ ಎಂಟಿಯು 56325 ಅಂತ ಕಾಣುತ್ತದೆ! 2021ರಲ್ಲಿ ಲಿನಕ್ಸ್ ಡ್ರೈವರ್ ಕಡೆಯಲ್ಲೇ ಇದಕ್ಕೆ ಪರಿಹಾರ ಹಾಕಿದರು. ಅಂಥ ಮಷಿನ್‌ಗಳಲ್ಲಿ ಡ್ರೈವರ್ ಈಗ ಕಾನ್ಫಿಗ್ ಪರೀಕ್ಷೆಗೆ ಮುಂಚೆಯೇ ವರ್ಷನ್ 1 ಬಿಟ್ ಬರೆದುಬಿಡುತ್ತದೆ, ಅಂದರೆ ಬಾಗಿಲಲ್ಲೇ ಹೆಸರು ಹೇಳುತ್ತದೆ. ಹೋಸ್ಟ್ ಕೂಡ ಆಮೇಲೆ ವರ್ಷನ್ 1 ಬಂದರೆ ತನ್ನ ಊಹೆಯನ್ನು ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಡಲು ಬಾರದ ಕೋಡ್ ಬರೆಯುವುದಕ್ಕಿಂತ ಹಳೇ ಡ್ರೈವರ್‌ಗೆ ಬಾಗಿಲು ಹಾಕುವುದೇ ವಾಸಿ.

ಊಹೆ ತಪ್ಪಿದರೆ ಏನಾಗುತ್ತದೆ ಅಂತ ಮನೆಯಲ್ಲಿ ಒಮ್ಮೆ ಬೇಕಂತಲೇ ಮಾಡಿ ನೋಡಿದೆ. ಪ್ರತಿ ಪ್ಯಾಕೆಟ್ ಮುಂದೆ ವರ್ಟ್‌ಐಒ ಒಂದು ಪುಟ್ಟ ಹೆಡರ್ ಇಡುತ್ತದೆ. ಹಳೇ ರೂಪದಲ್ಲಿ ಅದು 10 ಬೈಟ್ (ಬಫರ್ ಸೇರಿಸುವ ಫೀಚರ್ ಇದ್ದರೆ 12), ಹೊಸದರಲ್ಲಿ ಯಾವಾಗಲೂ 12. ಹೋಸ್ಟ್ 12 ಇಟ್ಟಿತು, ಗೆಸ್ಟ್ 10 ಕಿತ್ತು ಉಳಿದದ್ದೆಲ್ಲ ಪ್ಯಾಕೆಟ್ ಅಂದುಕೊಂಡಿತು. ಪ್ರತಿ ಫ್ರೇಮ್ 01 00 ಅಂತ ಶುರುವಾಗುತ್ತಿತ್ತು, ಅಂದರೆ ಎಲ್ಲವೂ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕಳಿಸಿದ್ದು) ಥರ ಕಾಣುತ್ತಿತ್ತು. ಲಿಂಕ್ ಇದೆ, ಪ್ಯಾಕೆಟ್ ಲೆಕ್ಕ ಏರುತ್ತಿದೆ, ಪಿಂಗ್ ಮಾತ್ರ ಇಲ್ಲ. ಎರಡೇ ಬೈಟ್! ಇಂಥ ಕಡೆ ಎರರ್ ಮೆಸೇಜೂ ಬರುವುದಿಲ್ಲ.

ಹಾಗಂತ ಎಲ್ಲ ಕಡೆಯೂ ಹಳಬರನ್ನು ಕೂರಿಸಿಕೊಳ್ಳುವುದಿಲ್ಲ. ಗೆಸ್ಟ್‌ನ ಮೆಮೊರಿ ಎನ್‌ಕ್ರಿಪ್ಟ್ ಮಾಡುವ ಕಡೆ, ಕಾರ್ಡ್ ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ವರ್ಚುವಲ್ ಐಒಎಂಎಂಯು ಮೂಲಕವೇ ಕಾರ್ಡ್ ಹೋಗಬೇಕಾದ ಕಡೆ ಹಳೇ ರೂಪ ನಡೆಯುವುದೇ ಇಲ್ಲ. ಅಲ್ಲಿ ಲೆಗಸಿಯನ್ನು, ಅಂದರೆ ಆ ಹಳೇ ರೂಪವನ್ನು, ಆಫ್ ಮಾಡಿಬಿಡುತ್ತೇನೆ. ಟ್ರಾಫಿಕ್ ಕಡಿಮೆ ಇದ್ದು ವರ್ಟ್‌ಐಒ ಕಾಟ ಕೊಟ್ಟರೆ ಇಂಟೆಲ್‌ನ ಹಳೇ ಇ1000 ಮಾದರಿಯ ಕಾರ್ಡ್ ಕೊಟ್ಟು ನಿದ್ದೆ ಮಾಡಿ. ನಿಧಾನ, ಆದರೆ ಬಹುತೇಕ ಹಳೇ ಓಎಸ್‌ಗಳಿಗೆ ಅದರ ಪರಿಚಯ ಇದೆ.

ಅಂದಹಾಗೆ, ಆ ತೂಕದ ಮಷಿನ್ ಈಗ ಹೊರಗಿನ ಇಂಟರ್ನೆಟ್ ಇಲ್ಲದ ಬೇರೆ ನೆಟ್‌ವರ್ಕ್‌ನಲ್ಲಿದೆ, ಯಾಕೆಂದರೆ ಸೆಂಟ್‌ಒಎಸ್ 6ಕ್ಕೆ 2020ರ ನವೆಂಬರ್‌ನಿಂದ ಅಪ್‌ಡೇಟ್ ನಿಂತಿದೆ. ಕಳೆದ ಸೀಸನ್ ಶುರುವಿನ ದಿನ ನಾನೇ ಪಕ್ಕದಲ್ಲಿ ನಿಂತು ಅದನ್ನು ಎಬ್ಬಿಸಿದೆ. 'ಡ್ರೈವರ್ ಓಕೆ' ಹೇಳುವ ಮೊದಲೇ ಬಫರ್ ತುಂಬಿಸಿತು, ಯಾವಾಗಲೂ ಮಾಡುವ ಹಾಗೆ. ಕಾರ್ಡ್ ಏನೂ ಅನ್ನಲಿಲ್ಲ. ಮೊದಲ ಟ್ರ್ಯಾಕ್ಟರ್‌ನ ಚೀಟಿ ಪ್ರಿಂಟರ್‌ನಿಂದ ಹೊರಗೆ ಬಂತು.