ಕೊನೆಯ ಮಡಿ

ದೊಡ್ಡಪ್ಪ ಮೈಸೂರಿನ ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದು ಇಂದಿಗೆ ಆರು ದಿನ. ನ್ಯುಮೋನಿಯಾ ಎರಡೂ ಶ್ವಾಸಕೋಶಗಳನ್ನು ಹಿಡಿದಿದೆ. ಸಿ.ಟಿ.ಗೆ ಒಯ್ಯೋಣವೆಂದರೆ ಅಷ್ಟೊಂದು ಕೊಳವೆಗಳ ಸಮೇತ ಮಂಚ ಕದಲಿಸುವುದೇ ಅಪಾಯ. ಹಾಗಾಗಿ ಎದೆಯ ಸುತ್ತ 16 ಎಲೆಕ್ಟ್ರೋಡುಗಳ ಪಟ್ಟಿಯೊಂದನ್ನು ಕಟ್ಟಿದ್ದಾರೆ. ಮೈಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಯುತ್ತದೆ; ಗಾಳಿ ತುಂಬಿದಲ್ಲಿ ಅದಕ್ಕೆ ತಡೆ ಹೆಚ್ಚು. ಆ ಲೆಕ್ಕದಿಂದಲೇ ಪರದೆಯ ಮೇಲೆ ಚಿತ್ರ. ವಿಕಿರಣದ ಮಾತೇ ಇಲ್ಲ.

ವೈದ್ಯರು ಕರೆದು ತೋರಿಸಿದರು. ಒಂದೊಂದು ಉಸಿರಿಗೂ ಎದೆಯ ಮುಂಭಾಗ ನೀಲಿಯಾಗಿ ಅರಳುತ್ತಿತ್ತು, ಬೆನ್ನಿನ ಕಡೆ ಬರೀ ಕಪ್ಪು. "ವೆಂಟಿಲೇಟರಿನ ಗಾಳಿಯ ಒತ್ತಡ ಇಳಿಸಿದರೆ ಹಿಂದಿನ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ, ಏರಿಸಿದರೆ ಮುಂದಿನವು ಅತಿಯಾಗಿ ಉಬ್ಬುತ್ತವೆ" ಎಂದರು. ಸಂಜೆ ಬೋರಲು ಮಲಗಿಸಿದ ಮೇಲೆ ಆ ಕಪ್ಪಿನಲ್ಲಿ ತೆಳುವಾಗಿ ನೀಲಿ ಇಣುಕಿತು. ನಾನು ಮಾತ್ರ ಆ ಬಣ್ಣವನ್ನೇ ನೋಡುತ್ತಾ ನನ್ನ ಉಸಿರನ್ನು ಹಿಡಿದುಕೊಂಡಿದ್ದೆನಂತೆ, ನರ್ಸ್ ನಕ್ಕರು.

ಮಂಡ್ಯದ ಗದ್ದೆಯಲ್ಲಿ ನಾಲೆಯ ನೀರು ತಗ್ಗಿನ ಮಡಿಯಲ್ಲಿ ಕೆರೆಯಾಗಿ, ದಿಬ್ಬದ ಮಡಿ ಒಣಗಿದಾಗಲೆಲ್ಲ ಗುದ್ದಲಿ ಹಿಡಿದು ಬದು ಕಡಿಯುತ್ತಿದ್ದ ಮನುಷ್ಯ ಇವರು. ರಾತ್ರಿ ಫೋನಿನಲ್ಲಿ ದೊಡ್ಡಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇವತ್ತು ಕೊನೆಯ ಮಡಿಗೂ ಹತ್ತಿತೇನಪ್ಪ?" ಎಂದರು.